ಹೊಸ ಲಾರಿಯ ಹಳದಿ ದೀಪ

ಹೊಸ ಲಾರಿ ಕೊಂಡವರನ್ನು ಶೋರೂಮಿನ ಬಾಗಿಲಲ್ಲಿ ಮಾತಾಡಿಸಬೇಡಿ. ಅಲ್ಲಿ ಗಾಡಿಗೆ ಹಾರ ಹಾಕಿರುತ್ತದೆ, ಚಕ್ರದಡಿಗೆ ನಿಂಬೆಹಣ್ಣು ಇಟ್ಟಿರುತ್ತದೆ, ಮನೆಮಂದಿಯೆಲ್ಲ ಬಂದಿರುತ್ತಾರೆ. ಆಗ ಬಾಯಲ್ಲಿ ಒಳ್ಳೆಯ ಮಾತೇ ಬರುತ್ತದೆ. ನಾಲ್ಕೈದು ಕಂತು ಕಟ್ಟಿದ ಮೇಲೆ ಕೇಳಿ. ಎಂಜಿನ್ ಕೆಟ್ಟಿತು, ಗೇರ್‌ಬಾಕ್ಸ್ ಹೋಯಿತು ಎಂದು ಹೇಳುವವರು ಕಡಿಮೆ. ಈಗಿನ ಗಾಡಿಗಳು ಅಷ್ಟು ಬೇಗ ಹಾಗೆ ಕೆಡುವುದಿಲ್ಲ. ಅವರು ಹೇಳುವುದು ಬೇರೆ. "ನಿಂತಲ್ಲೇ ತಾನಾಗಿ ಆಫ್ ಆಗುತ್ತೆ." "ಡ್ಯಾಶ್‌ಬೋರ್ಡಲ್ಲಿ ಏನೋ ಹಳದಿ ಲೈಟು." "ಘಾಟಿ ಮಧ್ಯೆ ಗಾಡಿ ಎಳೀಲಿಲ್ಲ." "ಮುಂದಿನ ಗ್ಲಾಸು ಬಿರುಕು ಬಿಡ್ತು."

ಇವೆಲ್ಲ ಸಣ್ಣ ಕಿರಿಕಿರಿ, ವಾರಂಟಿಯಲ್ಲಿ ಸರಿ ಮಾಡಿಕೊಡುತ್ತಾರೆ ಬಿಡಿ ಎನ್ನುವವರಿದ್ದಾರೆ. ನಾನು ಹಾಗೆ ಎನ್ನಲಾರೆ. ಲಾರಿ ನಿಂತ ದಿನ ಬಾಡಿಗೆ ಇಲ್ಲ. ಆದರೆ ಕಂತು, ಇನ್ಶೂರೆನ್ಸು, ಡ್ರೈವರನ ಬತ್ತೆ ಇವು ಯಾವುವೂ ಆ ದಿನ ನಿಲ್ಲುವುದಿಲ್ಲ. ವಾರಂಟಿ ಇರುವುದು ಬಿಡಿಭಾಗಕ್ಕೆ, ಕಾದು ಕೂತ ದಿನಗಳಿಗೆ ಇಲ್ಲ. ಹತ್ತಾರು ಗಾಡಿಯ ದೊಡ್ಡ ಕಂಪನಿ ಒಂದು ನಿಂತರೆ ಇನ್ನೊಂದನ್ನು ಕಳಿಸುತ್ತದೆ. ನಮ್ಮ ಹಾಸನ, ಅರಸೀಕೆರೆ, ತಿಪಟೂರಿನ ಕಡೆ ಒಂದೋ ಎರಡೋ ಗಾಡಿ ಇಟ್ಟುಕೊಂಡವರೇ ನನಗೆ ಹೆಚ್ಚು ಪರಿಚಯ. ಜಮೀನಿನ ಮೇಲೆ ಸಾಲ ಎತ್ತಿ ಲಾರಿ ಕೊಂಡ ಮನೆಗೆ ಆ ಹಳದಿ ದೀಪ ಅನ್ನದ ಪ್ರಶ್ನೆ. ಲಾರಿ ನಡೆಸುವ ಮನೆಯವನಾಗಿ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಈ ತೊಂದರೆಗಳ ಬಹುಪಾಲು ಹುಟ್ಟುವುದು ಹೊಸ ಗಾಡಿ ಏನು ಕೇಳುತ್ತಿದೆ ಎಂಬುದನ್ನು ಅದನ್ನು ಓಡಿಸುವವನಿಗೆ ಯಾರೂ ಹೇಳಿಕೊಡದೆ ಇರುವುದರಿಂದ.

ತಾನಾಗಿ ನಿಲ್ಲುವ ಎಂಜಿನ್ನಿನ ವಿಷಯವನ್ನೇ ತೆಗೆದುಕೊಳ್ಳಿ. ಇದರಲ್ಲಿ ಎರಡು ಬಗೆ. ಕೆಲವು ಪಿಕಪ್ ಗಾಡಿಗಳಲ್ಲಿ ಇರುವುದು ಸಿಗ್ನಲ್ಲಿನ ಲೆಕ್ಕದ್ದು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟರೆ ಕೆಲವು ಸೆಕೆಂಡಿನಲ್ಲಿ ಎಂಜಿನ್ ಆಫ್ ಆಗುತ್ತದೆ, ಮತ್ತೆ ಕ್ಲಚ್ ತುಳಿದರೆ ಸ್ಟಾರ್ಟ್. ಇದಕ್ಕೆಂದು ಗಟ್ಟಿಯಾದ ಸ್ಟಾರ್ಟರ್ ಮೋಟಾರು ಮತ್ತು ಪದೇ ಪದೇ ಸ್ಟಾರ್ಟ್ ತಡೆದುಕೊಳ್ಳುವ ಬ್ಯಾಟರಿ ಕೊಟ್ಟಿರುತ್ತಾರೆ. ಬ್ಯಾಟರಿ ಮುಗಿದಾಗ ಅದೇ ಬಗೆಯದನ್ನು ಹಾಕಿಸದೆ ಕಡಿಮೆ ಬೆಲೆಯ ಸಾಮಾನ್ಯ ಬ್ಯಾಟರಿ ಹಾಕಿಸಿದರೆ ಅದು ಬೇಗ ಕೂತುಹೋಗುತ್ತದೆ. ಬಯ್ಯುವುದು ಮಾತ್ರ ಗಾಡಿಯನ್ನು.

ದೊಡ್ಡ ಲಾರಿಗಳಲ್ಲಿ ಕೆಲವು ಮಾಡೆಲ್‌ಗಳಿಗೆ ಇರುವುದು ಬೇರೆಯದೇ. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ತೆಗೆದು, ಎಂಜಿನ್ ಸುಮ್ಮನೆ ಉರಿಯಲು ಬಿಟ್ಟರೆ ಕೆಲವು ನಿಮಿಷ ನೋಡಿ ಅದೇ ಆಫ್ ಮಾಡುತ್ತದೆ. ಸಿಗ್ನಲ್ಲಿನಲ್ಲಿ ಹಾಗೆ ಮಾಡುವುದಿಲ್ಲ, ಮಾಡಲೂಬಾರದು. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ತಿರುಗುವುದು ಎಂಜಿನ್ನಿನಿಂದ. ಪವರ್ ಸ್ಟೇರಿಂಗ್ ಹಗುರಾಗಿರುವುದೂ ಎಂಜಿನ್ನಿನಿಂದಲೇ. ಆದ್ದರಿಂದ ಓಡುತ್ತಿರುವ ಲಾರಿ ಯಾವತ್ತಾದರೂ ತಾನಾಗಿ ಆಫ್ ಆದರೆ ಅದನ್ನು ಈ ಸೌಲಭ್ಯದ ಲೆಕ್ಕಕ್ಕೆ ಹಾಕಬೇಡಿ. ಪಕ್ಕಕ್ಕೆ ನಿಲ್ಲಿಸಿ ತೋರಿಸಲೇಬೇಕಾದ ದೋಷ ಅದು.

ಇಲ್ಲೊಂದು ನಿಜವಾದ ಇಕ್ಕಟ್ಟು ಇದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಇರಲೇಬೇಕು ಎಂದು ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಮಾಡಿದೆ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನ ರಸ್ತೆಯಲ್ಲಿ ಎಂಜಿನ್ನಿನ ಮೇಲೆ ಕೂತು ಬೆಂದವರಿಗೆ ಅದರ ಬೆಲೆ ಗೊತ್ತು. ಎಷ್ಟೋ ವರ್ಷದ ಹಿಂದೆಯೇ ಬರಬೇಕಿತ್ತು. ಆದರೆ ರಾತ್ರಿ ಲೋಡಿಗೆ ಕಾಯುತ್ತಾ ಕ್ಯಾಬಿನ್ನಿನಲ್ಲಿ ಮಲಗಿದ ಡ್ರೈವರನಿಗೆ ಏಸಿ ಬೇಕೆಂದರೆ ಎಂಜಿನ್ ಓಡುತ್ತಿರಬೇಕು. ಎಂಜಿನ್ ಹಾಗೆ ಓಡಿದರೆ, ಗಾಡಿಯ ಗಾತ್ರ ನೋಡಿಕೊಂಡು, ಗಂಟೆಗೆ ಎರಡು-ಮೂರು ಲೀಟರ್ ಡೀಸೆಲ್ ಹೋಗಬಹುದು. ಎಂಜಿನ್ ತಾನಾಗಿ ನಿಂತರೆ ಅವನ ನಿದ್ದೆ ಹೋಗುತ್ತದೆ. ನಿದ್ದೆಗೆಟ್ಟ ಡ್ರೈವರ್ ಬೆಳಗಿನ ಜಾವ ನಲವತ್ತು ಟನ್ನಿನ ಗಾಡಿ ಓಡಿಸುತ್ತಾನೆ. ಯಾವುದು ದುಬಾರಿ ಎಂದು ಮಾಲೀಕರು ಯೋಚಿಸಬೇಕು. ಎಂಜಿನ್ ಇಲ್ಲದೆ ಬ್ಯಾಟರಿಯಿಂದ ನಡೆಯುವ ಪಾರ್ಕಿಂಗ್ ಏಸಿ ಎಂಬುದು ಇದೆ. ಅದನ್ನು ಕೊಡುತ್ತೀರಾ ಎಂದು ಕೊಳ್ಳುವಾಗಲೇ ಕೇಳಬೇಕು.

ಈಗ ಹಳದಿ ದೀಪಕ್ಕೆ ಬರುತ್ತೇನೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಗೆಯ ಮಿತಿಯ ಬಿಎಸ್-6 ನಿಯಮ ಬಂತು. ನಾಲ್ಕರಿಂದ ಐದನ್ನು ಬಿಟ್ಟು ನೇರ ಆರಕ್ಕೆ ಹೋದೆವು. ಡೀಸೆಲ್ಲಿನ ಗಂಧಕ ಹತ್ತು ಲಕ್ಷ ಭಾಗಕ್ಕೆ 50 ಇದ್ದದ್ದು 10ಕ್ಕೆ ಇಳಿಯಿತು. ಭಾರಿ ಗಾಡಿಯ ಎಂಜಿನ್ ಒಂದು ಕಿಲೋವ್ಯಾಟ್ ಗಂಟೆಯ ಕೆಲಸಕ್ಕೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡು ಬಿಡಬಹುದಿತ್ತು. ಈಗ 0.4 ಗ್ರಾಮಿನ ಆಸುಪಾಸು. ಅಂದರೆ ಹೆಚ್ಚೂ ಕಡಿಮೆ ಒಂಬತ್ತರಲ್ಲಿ ಒಂದು ಪಾಲು. ಹಳೆಯ ಲಾರಿ ಏರು ಹತ್ತುವಾಗ ಹಿಂದೆ ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋದವರಿಗೆ ಈ ಲೆಕ್ಕವನ್ನು ವಿವರಿಸಬೇಕಿಲ್ಲ. ಇದು ಬೇಕಾಗಿದ್ದ ಕಾನೂನು. ಆದರೆ ಅಷ್ಟು ಹೊಗೆಯನ್ನು ಹಿಡಿಯುವ ಹೊಣೆ ಬಂದು ಬಿದ್ದದ್ದು ಸೈಲೆನ್ಸರಿನ ಮೇಲೆ. ಒಂದು ಕೊಳವೆ ಮತ್ತು ಡಬ್ಬಿ ಆಗಿದ್ದ ಸೈಲೆನ್ಸರ್ ಈಗ ಒಂದು ಪುಟ್ಟ ರಾಸಾಯನಿಕ ಕಾರ್ಖಾನೆ.

ಅದರಲ್ಲಿ ಎರಡು ಕೆಲಸ ನಡೆಯುತ್ತದೆ. ಮೊದಲನೆಯದು ಮಸಿ ಹಿಡಿಯುವುದು. ಡಿಪಿಎಫ್ ಎಂಬ ಫಿಲ್ಟರಿನಲ್ಲಿ ಮಸಿ ತುಂಬುತ್ತಾ ಹೋಗುತ್ತದೆ. ಗಾಡಿ ಹೆದ್ದಾರಿಯಲ್ಲಿ ಲೋಡು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಹೊಗೆಯ ಬಿಸಿಗೇ ಮಸಿ ಸುಟ್ಟುಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ, ಯಾರ್ಡಿನಲ್ಲಿ ಗಂಟೆಗಟ್ಟಲೆ ಉರಿಯುತ್ತಾ ನಿಲ್ಲುವ ಗಾಡಿಗೆ ಆ ಬಿಸಿ ಸಿಗುವುದಿಲ್ಲ. ಆಗ ದೀಪ ಹೊತ್ತುತ್ತದೆ. ಗಾಡಿ ನಿಲ್ಲಿಸಿ ರೀಜನರೇಷನ್ ಸ್ವಿಚ್ ಒತ್ತಿ ಎಂದು ಅದರ ಅರ್ಥ. ಎಂಜಿನ್ ತಾನೇ ರೇಸ್ ಆಗಿ ಫಿಲ್ಟರಿನ ಬಿಸಿಯನ್ನು 550-600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಅರ್ಧ ಗಂಟೆಯ ಕೆಲಸ. ಡ್ರೈವರನಿಗೆ ಇದು ಗೊತ್ತಿಲ್ಲದಿದ್ದರೆ ಎರಡು ಅನಾಹುತ ಕಾದಿರುತ್ತದೆ. ಲೈಟು ಬಂದರೂ ಟ್ರಿಪ್ ಮುಗಿಯಲಿ ಎಂದು ಓಡಿಸುತ್ತಾ ಹೋದರೆ ಫಿಲ್ಟರ್ ಪೂರಾ ಕಟ್ಟಿಕೊಂಡು ಬಿಚ್ಚಿಸಬೇಕಾಗುತ್ತದೆ. ಗೊತ್ತಿಲ್ಲದ ಜಾಗದಲ್ಲಿ ಸ್ವಿಚ್ ಒತ್ತಿದರೆ ಇನ್ನೂ ಕಷ್ಟ. ಸುಗ್ಗಿಯ ಕಾಲದಲ್ಲಿ ಭತ್ತದ ಹುಲ್ಲು, ರಾಗಿ ಹುಲ್ಲು ತುಂಬಿದ ಗಾಡಿಗಳ ಪಕ್ಕದಲ್ಲಿ, ಒಣಗಿದ ಹುಲ್ಲುಗಾವಲಿನ ಮೇಲೆ, ಬಂಕಿನ ಆವರಣದಲ್ಲಿ ಇದನ್ನು ಎಂದೂ ಮಾಡಬಾರದು. ಕೇಳುಗರಲ್ಲಿ ಡ್ರೈವರುಗಳಿದ್ದರೆ ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡನೆಯ ಕೆಲಸ ಡಿಇಎಫ್ ಎಂಬ ದ್ರವದ್ದು. ಕೆಲವರು ಆಡ್‌ಬ್ಲೂ ಎನ್ನುತ್ತಾರೆ, ಬಂಕಿನಲ್ಲಿ ಬರೀ ಯೂರಿಯಾ ಎಂದರೂ ತಂದುಕೊಡುತ್ತಾರೆ. ತೂಕದಲ್ಲಿ ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜಗಳನ್ನು ತೆಗೆದ ನೀರು. ಇದನ್ನು ಬಿಸಿ ಹೊಗೆಯೊಳಗೆ ಸಿಂಪಡಿಸಿದಾಗ ಅಮೋನಿಯಾ ಆಗುತ್ತದೆ. ಆ ಅಮೋನಿಯಾ ವಿಷದ ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ ಮತ್ತು ನೀರಾವಿಯಾಗಿ ಒಡೆಯುತ್ತದೆ. ನೂರು ಲೀಟರ್ ಡೀಸೆಲ್ಲಿಗೆ ಮೂರರಿಂದ ಆರು ಲೀಟರ್ ಖರ್ಚು. ಈ ದ್ರವ ಮುಗಿದರೆ, ಇಲ್ಲವೇ ಇದರ ಗುಣ ಸರಿಯಿಲ್ಲ ಎಂದು ಸೆನ್ಸರಿಗೆ ಅನ್ನಿಸಿದರೆ, ಗಾಡಿ ಮೊದಲು ದೀಪ ತೋರಿಸುತ್ತದೆ, ಆಮೇಲೆ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಹೊಗೆ ಶುದ್ಧಿಯಾಗದೆ ಓಡಬಾರದು ಎಂದು ಕಾನೂನಿನ ಪ್ರಕಾರವೇ ಹಾಗೆ ಮಾಡಿಟ್ಟಿರುತ್ತಾರೆ. 2021ರ ಅಕ್ಟೋಬರಿನಲ್ಲಿ ಚೀನಾ ಯೂರಿಯಾ ರಫ್ತನ್ನು ಬಿಗಿಗೊಳಿಸಿದಾಗ ದಕ್ಷಿಣ ಕೊರಿಯಾದ ಸಾಗಣೆಯೇ ನಡುಗಿತು. ಆ ದೇಶದ ಸರ್ಕಾರ ಸೇನೆಯ ವಿಮಾನವನ್ನು ಆಸ್ಟ್ರೇಲಿಯಾಕ್ಕೆ ಕಳಿಸಿ 27,000 ಲೀಟರ್ ತರಿಸಿಕೊಂಡಿತು. ಒಂದು ಬಣ್ಣವಿಲ್ಲದ ನೀರಿನಂಥ ದ್ರವಕ್ಕಾಗಿ!

ನಮ್ಮಲ್ಲಿ ತೊಂದರೆ ಕೊರತೆಯದ್ದಲ್ಲ, ಕಲಬೆರಕೆಯದ್ದು. ರೈತರಿಗೆ ಸಬ್ಸಿಡಿಯಲ್ಲಿ 45 ಕಿಲೋ ಯೂರಿಯಾ ಮೂಟೆ ಸುಮಾರು 266 ರೂಪಾಯಿಗೆ ಸಿಗುತ್ತದೆ. ಅದನ್ನು ಕದ್ದು ಸಾಗಿಸಿ, ಕೊಳವೆ ಬಾವಿಯ ನೀರಿನಲ್ಲಿ ಕಲಸಿ, ಬಕೆಟ್ಟಿಗೆ ತುಂಬಿ ಮಾರುವವನಿಗೆ ಎಷ್ಟು ಲಾಭ ಎಂದು ನೀವೇ ಲೆಕ್ಕ ಹಾಕಬಹುದು. ಆ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ, ನೀರಿನಲ್ಲಿ ಸುಣ್ಣದ ಅಂಶವಿರುತ್ತದೆ. ಎರಡೂ ಸೇರಿ ನಳಿಗೆಯಲ್ಲಿ ಬಿಳಿ ಹರಳು ಕಟ್ಟಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟನ್ನು ಹಾಳು ಮಾಡುತ್ತವೆ. ಒಂದು ಬಕೆಟ್ಟಿನಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಸಾವಿರಾರು, ಒಮ್ಮೊಮ್ಮೆ ಲಕ್ಷದ ಮೇಲಿನ ರಿಪೇರಿಯಾಗಿ ಬರುತ್ತದೆ. ಇತ್ತ ಗೊಬ್ಬರದಂಗಡಿಯ ಮುಂದೆ ರೈತ ಸಾಲು ನಿಂತಿರುತ್ತಾನೆ. ಅವನ ಪಾಲಿನ ಗೊಬ್ಬರ ಕದ್ದು ಲಾರಿಗೆ ಹಾಕುವುದು ಅಪರಾಧ. ಒಕ್ಕಲುತನದ ಮನೆಯಿಂದ ಬಂದ ಲಾರಿಯವರು ನಾವು, ಅದನ್ನು ಕೊಳ್ಳಲೇಬಾರದು. ಐಎಸ್‌ಒ 22241 ಎಂಬ ಗುರುತಿರುವ, ಸೀಲು ಒಡೆಯದ ಬಕೆಟ್ಟನ್ನೇ ಕೇಳಿ ತೆಗೆದುಕೊಳ್ಳಿ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ, ಬಿಸಿಗೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಇನ್ನು ಕೆಲವರು ಈ ವ್ಯವಸ್ಥೆಯನ್ನೇ ಬೈಪಾಸ್ ಮಾಡಿಕೊಡುತ್ತೇವೆ ಎಂದು ಚಿಕ್ಕ ಡಬ್ಬಿಯೊಂದನ್ನು ತೋರಿಸುತ್ತಾರೆ. ಅದು ಕಾನೂನಿಗೂ ವಿರುದ್ಧ, ನಮ್ಮೂರಿನ ಗಾಳಿಗೂ ದ್ರೋಹ. ಹೊಗೆಯನ್ನು ಕುಡಿಯುವವರಲ್ಲಿ ರಸ್ತೆಯ ಮೇಲೆಯೇ ಬದುಕುವ ನಮ್ಮ ಡ್ರೈವರುಗಳೇ ಮೊದಲಿಗರು.

ಮಳೆಗಾಲದ ಒಂದು ಸಂಜೆ ನಮ್ಮ ಡ್ರೈವರ್ ಶಿರಾಡಿ ಘಾಟಿಯಿಂದ ಫೋನ್ ಮಾಡಿದ. ಮಂಗಳೂರಿನಿಂದ ಲೋಡು ಹೊತ್ತು ಸಕಲೇಶಪುರದ ಕಡೆ ಏರುತ್ತಿದ್ದ. "ಅಣ್ಣಾ, ಗಾಡಿ ಎಳೀತಿಲ್ಲ. ಎಕ್ಸ್‌ಲೇಟರ್ ಪೂರಾ ತುಳಿದ್ರೂ ತೆವಳ್ತಾ ಐತೆ. ಹಿಂದ್ಗಡೆ ಬಸ್ಸು, ಟ್ಯಾಂಕರು ಸಾಲುಗಟ್ಟವ್ರೆ." ಯಾವ ಲೈಟು ಬಂದಿದೆ ಎಂದೆ. "ಹಳದೀದು. ಬೆಳಿಗ್ಗೆ ಇಂದ್ಲೇ ಇತ್ತಣ್ಣ. ಏನೋ ಇಂಗ್ಲಿಷಲ್ಲಿ ಬರೀತದೆ, ಮುಂದೆ ಹೋಗ್ತಾ ಹೋಗ್ತಾ ಹೋಯ್ತದೆ ಅನ್ಕೊಂಡೆ." ಆ ಇಂಗ್ಲಿಷಿನಲ್ಲಿ ಗಾಡಿ ಬೆಳಗ್ಗೆಯಿಂದ ಹೇಳುತ್ತಿದ್ದದ್ದು ಡಿಇಎಫ್ ಗುಣ ಸರಿಯಿಲ್ಲ, ಇಷ್ಟು ಹೊತ್ತಿನ ಮೇಲೆ ಶಕ್ತಿ ಇಳಿಸುತ್ತೇನೆ ಎಂದು. ಇಪ್ಪತ್ತು ವರ್ಷ ಅನುಭವದ ಡ್ರೈವರ್ ಅವನು. ಎಂಜಿನ್ನಿನ ಸದ್ದಿನಲ್ಲೇ ಇಂಜೆಕ್ಟರ್ ದೋಷ ಹೇಳಬಲ್ಲವನು. ಓದಲಾಗದ ಒಂದು ಸಾಲಿನ ಮುಂದೆ ಆ ಅನುಭವವೆಲ್ಲ ಅವನಿಗೆ ಉಪಯೋಗಕ್ಕೆ ಬರಲಿಲ್ಲ. ಕಂಪನಿಯ ಸರ್ವಿಸ್‌ನವರು ಲ್ಯಾಪ್‌ಟಾಪ್ ಹಿಡಿದು ಬರುವ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನ ಆಗಿತ್ತು.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಸರಕು ಸಾಗಣೆಯ ಗಾಡಿ ಓಡಿಸಲು ಎಂಟನೇ ತರಗತಿ ಓದಿರಬೇಕು ಎಂಬ ನಿಯಮ ಮೊದಲಿತ್ತು. 2019ರಲ್ಲಿ ಅದನ್ನು ತೆಗೆದರು. ಬಡವರ ಮನೆಯ ಹುಡುಗರಿಗೆ ದುಡಿಮೆಯ ದಾರಿ ತೆರೆದ ತೀರ್ಮಾನ ಅದು. ನಾನು ಅದರ ಪರವಾಗಿದ್ದೇನೆ. ಆದರೆ ಅದಾದ ಕೆಲವೇ ತಿಂಗಳಿಗೆ, 2020ರ ಏಪ್ರಿಲ್‌ನಲ್ಲಿ, ಹಿಂದೆಂದೂ ಇಲ್ಲದಷ್ಟು ಓದು ಬೇಡುವ ಲಾರಿ ರಸ್ತೆಗೆ ಬಂತು. ಈ ಎರಡರ ನಡುವೆ ಒಂದು ಸೇತುವೆ ಕಟ್ಟಬೇಕಿತ್ತು, ಯಾರೂ ಕಟ್ಟಲಿಲ್ಲ. ಫೋನುಗಳು ಕನ್ನಡದಲ್ಲಿ ಮಾತಾಡುವ ಕಾಲ ಇದು. ಇಷ್ಟು ಲಕ್ಷದ ಗಾಡಿಗೆ ಕನ್ನಡದಲ್ಲಿ, ಧ್ವನಿಯಲ್ಲಿ, "ಗಾಡಿ ನಿಲ್ಲಿಸಿ ಮಸಿ ಸುಡಿ" ಎಂದು ಹೇಳಲು ಬರುವುದಿಲ್ಲವೇ? ತಾಂತ್ರಿಕವಾಗಿ ಇದು ಕಷ್ಟದ ಕೆಲಸವೇನಲ್ಲ. ಕೇಳುವವರು ಒಟ್ಟಾಗಿ ಕೇಳಿಲ್ಲ, ಅಷ್ಟೆ.

ಮುಂದಿನ ಗಾಜಿನ ಕಥೆಗೆ ಬರೋಣ. ಇದರಲ್ಲಿ ಸೆನ್ಸರಿಲ್ಲ, ದೀಪವಿಲ್ಲ. ಒಂದು ಜಲ್ಲಿಕಲ್ಲು ಸಾಕು. ಹೊಸದಾಗಿ ಟಾರು ಹಾಕಿದ ರಸ್ತೆಯಲ್ಲಿ, ಟಾರ್ಪಾಲು ಹೊದಿಸದ ಟಿಪ್ಪರಿನ ಹಿಂದೆ ಹೋಗುವಾಗ ಟಕ್ ಎಂದು ಸದ್ದಾಗುತ್ತದೆ. ಕಾರಿನ ಗಾಜು ಓರೆಯಾಗಿರುವುದರಿಂದ ಕಲ್ಲು ಎಷ್ಟೋ ಸಲ ಜಾರಿಹೋಗುತ್ತದೆ. ಲಾರಿಯ ಗಾಜು ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಪೆಟ್ಟು ಪೂರಾ ಬೀಳುತ್ತದೆ. ಆದರೂ ಗಾಜು ಪುಡಿಯಾಗಿ ಡ್ರೈವರನ ಮುಖಕ್ಕೆ ಹಾರುವುದಿಲ್ಲ. ಎರಡು ಗಾಜಿನ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ಕೂರಿಸಿರುತ್ತಾರೆ. ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ 1909ರಲ್ಲಿ ಪೇಟೆಂಟ್ ಪಡೆದ ಉಪಾಯದ ಮುಂದುವರಿದ ರೂಪ ಇದು. ನಮ್ಮ ಮೋಟಾರು ವಾಹನ ನಿಯಮಗಳು ಮುಂದಿನ ಗಾಜಿಗೆ ಇದನ್ನೇ ಕಡ್ಡಾಯ ಮಾಡಿವೆ. ಬಾಗಿಲಿನ ಗಾಜು ಬೇರೆ ಬಗೆಯದು, ಒಡೆದರೆ ಕಾಳುಕಾಳಾಗಿ ಉದುರುತ್ತದೆ.

ಕಲ್ಲು ಬಿದ್ದ ಜಾಗ ಕಾಸಿನಷ್ಟೇ ಇರುವಾಗ ಅಲ್ಲಿಗೆ ರೆಸಿನ್ ತುಂಬಿಸಿ ಗಟ್ಟಿ ಮಾಡುವವರಿದ್ದಾರೆ. ಅಷ್ಟರಲ್ಲೇ ಮುಗಿಸಬಹುದು. ಹಾಗೇ ಬಿಟ್ಟರೆ ಧೂಳು ನೀರು ಸೇರಿ ರೆಸಿನ್ ಹಿಡಿಯದಂತಾಗುತ್ತದೆ, ಹೊಂಡದ ಒಂದೊಂದು ಕುಲುಕಾಟಕ್ಕೂ ಗೆರೆ ಉದ್ದವಾಗುತ್ತದೆ. ಒಳಗೆ ಏಸಿಯ ತಂಪು, ಹೊರಗೆ ಮಧ್ಯಾಹ್ನದ ಬಿಸಿಲು ಇದ್ದರೆ ಇನ್ನೂ ಬೇಗ. ಕಾದ ಗಾಜಿಗೆ ತಣ್ಣೀರು ಎರಚಿ ತೊಳೆಯುವ ಅಭ್ಯಾಸವನ್ನು ಕ್ಲೀನರ್ ಹುಡುಗರಿಗೆ ಬಿಡಿಸಬೇಕು. ಡ್ರೈವರನ ಕಣ್ಣಿನ ನೇರಕ್ಕೆ ಗೆರೆ ಬಂದಿದ್ದರೆ ರೆಸಿನ್ ಬೇಡ, ಬದಲಾಯಿಸಿ. ರಾತ್ರಿ ಎದುರಿನ ಗಾಡಿಯ ಬೆಳಕು ಆ ಗೆರೆಯಲ್ಲಿ ಒಡೆದು ರಸ್ತೆಯೇ ಕಾಣುವುದಿಲ್ಲ. ಹಾಕಿಸುವ ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಇದೆಯೇ ನೋಡಿ. ರಬ್ಬರ್ ಬೀಡಿಂಗಿನ ಗಾಜನ್ನು ನಮ್ಮೂರಿನ ಗ್ಲಾಸ್ ಅಂಗಡಿಯವರು ಬೇಗ ಕೂರಿಸಿಕೊಡುತ್ತಾರೆ. ಅಂಟಿನಿಂದ ಕೂರಿಸುವ ಗಾಜಾದರೆ ಅಂಟು ಒಣಗುವವರೆಗೆ ಗಾಡಿ ಹೊರಡಿಸಬಾರದು, ಬಾಡಿಗೆ ಎಷ್ಟೇ ಅವಸರದ್ದಿರಲಿ.

ಇನ್ಶೂರೆನ್ಸಿನ ವಿಷಯದಲ್ಲಿ ಎರಡೇ ಮಾತು. ಗಾಜಿಗೆ ಸವಕಳಿ ಕಡಿತವಿಲ್ಲ, ರಬ್ಬರು ಪ್ಲಾಸ್ಟಿಕ್ಕಿಗೆ ಅರ್ಧ ಕಡಿಯುತ್ತಾರೆ. ಆದರೆ ಒಂದು ಗಾಜಿಗೆ ಕ್ಲೇಮ್ ಮಾಡಿದರೂ ನೋ ಕ್ಲೇಮ್ ಬೋನಸ್ ಹೋಗಬಹುದು. ಅದು ಮೊದಲ ವರ್ಷಕ್ಕೆ ನೂರಕ್ಕೆ 20ರಿಂದ ಶುರುವಾಗಿ 50ರವರೆಗೆ ಏರುವಂಥದ್ದು. ಆದ್ದರಿಂದ ಲೆಕ್ಕ ಹಾಕಿಯೇ ಕ್ಲೇಮ್ ಮಾಡಬೇಕು. ಸರಕು ಗಾಡಿಯ ಪಾಲಿಸಿಯಲ್ಲಿ ಐಎಂಟಿ 23 ಎಂಬ ಸೇರ್ಪಡೆ ಇಲ್ಲದಿದ್ದರೆ ಹೆಡ್‌ಲೈಟು, ಬಂಪರು, ಮಡ್ಗಾರ್ಡು, ಪೇಂಟು ಇವಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಪಾಲಿಸಿ ಬರೆಸುವಾಗಲೇ ಆ ಹೆಸರು ಹೇಳಿ ಕೇಳಿ.

ಗ್ಯಾರೇಜಿನವರನ್ನು ಮರೆಯಲಾರೆ. ನಮ್ಮ ತಾಲ್ಲೂಕು ಕೇಂದ್ರಗಳ ಡೀಸೆಲ್ ಮೆಕ್ಯಾನಿಕ್‌ಗಳು ದೊಡ್ಡ ಕೆಲಸಗಾರರು. ಈಗ ಅವರ ಕೈ ಕಟ್ಟಿದೆ. ಯಾವ ಸೆನ್ಸರ್ ಹೋಗಿದೆ ಎಂದು ಗಾಡಿ ಕೋಡ್ ರೂಪದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಪೂರಾ ಓದುವ, ಅಳಿಸುವ ಸಾಧನ ಹೆಚ್ಚಾಗಿ ಕಂಪನಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಮಾತ್ರ. ಇನ್ನೂರು ರೂಪಾಯಿಯ ವೈರಿಂಗ್ ಕೆಲಸಕ್ಕೂ ಜಿಲ್ಲಾ ಕೇಂದ್ರದ ದಾರಿ ಕಾಯಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ಲಿನಿಂದ ಮಾತ್ರ ಆಗುವ ಕೆಲಸವಲ್ಲ ಇದು. ನ್ಯಾಯವಾದ ಬೆಲೆಗೆ ಸ್ಕ್ಯಾನರ್, ಸರಳವಾದ ಕೈಪಿಡಿ, ಐಟಿಐಗಳಲ್ಲಿ ಬಿಎಸ್-6ರ ಸಂಜೆ ತರಗತಿ ಇವು ಗ್ಯಾರೇಜಿನವರಿಗೆ ಸಿಗಬೇಕು. ಲಾರಿ ಮಾಲೀಕರ ಸಂಘಗಳು ಟೋಲು, ಡೀಸೆಲ್ ಬೆಲೆಗೆ ಮುಷ್ಕರ ಮಾಡುತ್ತವೆ. ಬೇಡಿಕೆ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇರಲಿ ಎಂದು ನನ್ನ ಒತ್ತಾಯ.

ಅಲ್ಲಿಯವರೆಗೆ ನಾವೇ ಮಾಡಬಹುದಾದ್ದಿದೆ. ಡೆಲಿವರಿಯ ದಿನ ಮನೆಯವರ ಜೊತೆ ಡ್ರೈವರನನ್ನೂ ಕರೆದುಕೊಂಡು ಹೋಗಿ, ಅವನನ್ನೇ ಸೀಟಿನಲ್ಲಿ ಕೂರಿಸಿ. ಒಂದೊಂದು ದೀಪ ಹೊತ್ತಿದಾಗಲೂ ಏನು ಮಾಡಬೇಕು, ಎಷ್ಟು ದೂರ ಓಡಿಸಬಹುದು ಎಂದು ಶೋರೂಮಿನವರಿಂದ ಕನ್ನಡದಲ್ಲಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ರೀಜನರೇಷನ್ ಸ್ವಿಚ್ಚನ್ನು ಅವನ ಕೈಯಿಂದಲೇ ಒಂದು ಸಲ ಒತ್ತಿಸಿ. ಡೀಸೆಲ್ ಟ್ಯಾಂಕಿನ ಮುಚ್ಚಳ ಯಾವುದು, ಡಿಇಎಫ್‌ನ ನೀಲಿ ಮುಚ್ಚಳ ಯಾವುದು ಎಂದು ಕ್ಲೀನರಿಗೂ ತೋರಿಸಿ. ಒಂದಕ್ಕೆ ಇನ್ನೊಂದನ್ನು ಹಾಕಿದರೆ ವಾರಂಟಿಯವರು ಕೈ ಎತ್ತುತ್ತಾರೆ. ಎಂಜಿನ್ ತಾನಾಗಿ ನಿಲ್ಲುವ ಸಮಯವನ್ನು ಬದಲಾಯಿಸಲು ಬರುತ್ತದೆಯೇ, ಯಾವ ದರ್ಜೆಯ ಎಂಜಿನ್ ಆಯಿಲ್ ಹಾಕಬೇಕು, ದಾರಿಯಲ್ಲಿ ನಿಂತರೆ ಎಷ್ಟು ಗಂಟೆಯೊಳಗೆ ಬರುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಇಷ್ಟೂ ಆದ ಮೇಲೆ ಡೆಲಿವರಿ ಚೀಟಿಗೆ ಸಹಿ ಹಾಕಿ. ಪೂಜೆಗೆ ಒಂದು ಗಂಟೆ ತಡವಾದರೆ ಆಗಲಿ.